ಸೋತವನ ಸಮಾಧಿ

ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯು ಸಿರಾ ಪಟ್ಟಣವನ್ನು ದಾಟಿ, ತಾವರೆಕೆರೆಯನ್ನು ಹಿಂದೆ ಬಿಟ್ಟು, ತುಮಕೂರು ಜಿಲ್ಲೆಯ ಗಡಿಯನ್ನು ಕಳೆದ ಕೆಲ ಹೊತ್ತಿಗೆ ಜವನಗೊಂಡನಹಳ್ಳಿಯನ್ನು ಮುಟ್ಟುತ್ತದೆ. ಬೆಂಗಳೂರಿಗೆ ಇದು ಸುಮಾರು 140 ಕಿಲೋಮೀಟರ್ ದೂರ. ಹಿರಿಯೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ವೇಗವಾಗಿ ಓಡುವ ಮೋಟಾರಿನಲ್ಲಿ ಕುಳಿತವರಿಗೆ ಇದು ನಾಲ್ಕು ಅಂಗಡಿಗಳ, ಒಂದು ಬಸ್ಸು ನಿಲ್ದಾಣದ ಊರೆಂದು ತೋರಿ ಕಣ್ಮರೆಯಾಗುತ್ತದೆ. ಆದರೆ ದಕ್ಷಿಣದಿಂದ ಬರುವ ಪ್ರಯಾಣಿಕನಿಗೆ ಚಿತ್ರದುರ್ಗದ ಸೀಮೆ ತೆರೆದುಕೊಳ್ಳುವುದು ಇಲ್ಲಿಯೇ. ಇದನ್ನು ದುರ್ಗದ ಹೊಸ್ತಿಲು ಎಂದು ಕರೆದರೆ ತಪ್ಪಾಗಲಾರದು.

ಹೊಸ್ತಿಲ ಆಚೆ ಈಚೆ ನೆಲದ ರೂಪವೇನೂ ಬದಲಾಗುವುದಿಲ್ಲ. ಅದೇ ಕೆಂಪು ಮಣ್ಣಿನ ಬಯಲು, ಅದೇ ಶೇಂಗಾ ಹೊಲ, ಅಲ್ಲಲ್ಲಿ ನೀರಿದ್ದ ಕಡೆ ತೆಂಗಿನ ಗುಂಪು, ನೀರಿಲ್ಲದ ಕಡೆ ಜಾಲಿಯ ಪೊದೆ. ಮಳೆ ಕೃಪಣ, ಗಾಳಿ ಮಾತ್ರ ಧಾರಾಳ. ಕುರಿಯ ಹಿಂಡುಗಳ ಹಿಂದೆ ಕಂಬಳಿ ಹೊದ್ದ ಕಾಡುಗೊಲ್ಲರು ನಡೆಯುತ್ತಿರುತ್ತಾರೆ. ಅವರ ಹಟ್ಟಿಗಳಲ್ಲಿ ಗಣೆಯೆಂಬ ಉದ್ದನೆಯ ಬಿದಿರು ಕೊಳಲನ್ನು ಊದುತ್ತ ಜುಂಜಪ್ಪನ ಕಥೆಯನ್ನು ಹಾಡುವ ಪದ್ಧತಿಯುಂಟು. ಪಶುಗಳನ್ನು ಕಾಯುತ್ತ ಬೆಳೆದ ಆ ವೀರನು ಕೊನೆಗೆ ಬಿದ್ದುದು ಪರದೇಶದ ಶತ್ರುವಿನ ಕೈಯಿಂದಲ್ಲ. ಸ್ವಂತ ಬಂಧುಗಳ ಹಗೆಯಿಂದ. ಅವನ ಗುಡ್ಡೆಯು ನೆರೆಯ ಸಿರಾ ತಾಲ್ಲೂಕಿನಲ್ಲಿದೆ. ಪೂಜೆ ಇಂದಿಗೂ ನಡೆಯುತ್ತದೆ. ಅವನನ್ನು ಬೀಳಿಸಿದ ಬಂಧುಗಳಿಗೆ ಯಾವ ಗುಡ್ಡೆಯೂ ಇಲ್ಲ. ಮುಂದಿನ ದಾರಿಯಲ್ಲಿ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಈ ಸೀಮೆಯು ಹತ್ತನೆಯ ಶತಮಾನದಲ್ಲಿ ನೊಳಂಬವಾಡಿ 32,000 ಎಂಬ ನಾಡಿಗೆ ಸೇರಿದ್ದಿತು. ನೊಳಂಬರ ರಾಜಧಾನಿಯಾದ ಹೇಮಾವತಿ ಈಗ ಆಂಧ್ರಕ್ಕೆ ಸೇರಿದ್ದರೂ ಇಲ್ಲಿಗೆ ದೂರವಿಲ್ಲ. ಗಂಗರು, ರಾಷ್ಟ್ರಕೂಟರು, ಚಾಲುಕ್ಯರು, ಹೊಯ್ಸಳರು ಒಬ್ಬರಾದ ಮೇಲೆ ಒಬ್ಬರು ಈ ನೆಲಕ್ಕಾಗಿ ಕಾದಾಡಿದರು. ಅದರ ಗುರುತುಗಳು ಕರ್ನಾಟಕದ ಈ ಬಯಲುಸೀಮೆಯ ಉದ್ದಕ್ಕೂ ಕೆರೆಯ ಏರಿಯ ಮೇಲೆ, ಹನುಮಂತರಾಯನ ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲುಗಳು. ನಗರವಾಸಿಗಳು ಅವನ್ನು ದೇವರ ವಿಗ್ರಹವೆಂದು ತಿಳಿದು ಕೈಮುಗಿದು ಹೋಗುವುದುಂಟು. ಹಳ್ಳಿಯವರೂ ಎಣ್ಣೆ ಕುಂಕುಮ ಹಚ್ಚಿ ದೇವರನ್ನಾಗಿಯೇ ಮಾಡಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಕಲ್ಲನ್ನು ನಿಲ್ಲಿಸಿದವರ ಉದ್ದೇಶವೂ ಬಹುಮಟ್ಟಿಗೆ ಅದೇ ಆಗಿದ್ದಿತು.

ವೀರಗಲ್ಲನ್ನು ಓದುವುದು ಕಷ್ಟವಲ್ಲ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು. ಕೆಳಗೆ ಕಾಳಗ: ವೀರನು ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ನಿಂತಿದ್ದಾನೆ, ಸುತ್ತ ಶತ್ರುಗಳು, ಒಂದು ಮೂಲೆಯಲ್ಲಿ ದನಗಳು. ನಡುವೆ ಅಪ್ಸರೆಯರು ಅವನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಸೂರ್ಯ ಚಂದ್ರರು ಸಾಕ್ಷಿ. ಪಕ್ಕದಲ್ಲಿ ಕಂಬವೊಂದರಿಂದ ಚಾಚಿದ, ಬಳೆ ತೊಟ್ಟ ಒಂದು ತೋಳು ಕೆತ್ತಿದ್ದರೆ ಅದು ಮಾಸ್ತಿಕಲ್ಲು: ಗಂಡನ ಹಿಂದೆ ಚಿತೆಯೇರಿದವಳ ಗುರುತು. ಸತ್ತವನ ಮನೆಯವರಿಗೆ ದೊರೆ ಭೂಮಿಯನ್ನು ಬಿಡುತ್ತಿದ್ದನು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಆ ಹೆಸರಿನಲ್ಲಿಯೇ ಲೆಕ್ಕವೆಲ್ಲ ಇದೆ.

ಇನ್ನೊಂದು ವಿಶೇಷ. ಈ ಕಲ್ಲುಗಳು ಹೇಳುವ ಕಾಳಗಗಳಲ್ಲಿ ಬಹಳವು ದೊಡ್ಡ ಯುದ್ಧಗಳಲ್ಲ. ತುರುಗಳನ್ನು ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿದ್ದು, ಊರಿನ ಗಡಿಗಾಗಿ ನಡೆದ ಹೊಡೆದಾಟ, ಹೆಂಗಸರ ಮಾನ ಕಾಯಲು ನಿಂತದ್ದು. ಎದುರಾಳಿಯೂ ಅನೇಕ ವೇಳೆ ಪಕ್ಕದ ಊರಿನವನೇ. ಇವನ ಊರಿನಲ್ಲಿ ಇವನ ಕಲ್ಲು ನಿಂತರೆ, ಅವನ ಊರಿನಲ್ಲಿ ಅವನ ಕಲ್ಲು.

ದೊಡ್ಡ ಅಂತರ್ಯುದ್ಧವೊಂದನ್ನು ನಮೂದಿಸಿದ ಕಲ್ಲು ಯಾವುದೆಂದು ಕೇಳಿದರೆ ಈ ಸೀಮೆಯಿಂದ ಬಹಳ ದೂರ ದಕ್ಷಿಣಕ್ಕೆ, ಮಂಡ್ಯ ಜಿಲ್ಲೆಯ ಆತಕೂರಿಗೆ ಮನಸ್ಸು ಹೋಗಬೇಕು. ಗಂಗರ ರಾಚಮಲ್ಲನಿಗೂ ಅವನ ತಮ್ಮ ಬೂತುಗನಿಗೂ ಸಿಂಹಾಸನಕ್ಕಾಗಿ ಯುದ್ಧ ನಡೆಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಬೆಂಬಲ ಬೂತುಗನಿಗಿದ್ದಿತು. ಅಣ್ಣನು ಹತನಾದನು, ತಮ್ಮನು ಗಂಗವಾಡಿ 96,000ವನ್ನು ಆಳಿದನು. 949-50ರಲ್ಲಿ ನೆಟ್ಟ ಆತಕೂರಿನ ಶಾಸನವು ಚೋಳರ ರಾಜಾದಿತ್ಯನು ತಕ್ಕೋಲದಲ್ಲಿ ಬಿದ್ದುದನ್ನೂ ಹೇಳುತ್ತದೆ. ರಾಚಮಲ್ಲನನ್ನು ಬೂತುಗನು ಕೊಂದುದನ್ನು ಒಂದು ಮಾತಿನಲ್ಲಿ ಮುಗಿಸಿಬಿಡುತ್ತದೆ. ಆದರೆ ಕಲ್ಲು ನಿಂತಿರುವುದು ಇವರಾರಿಗಾಗಿಯೂ ಅಲ್ಲ. ತಕ್ಕೋಲದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಯೋಧನಿಗೆ ಬೂತುಗನು ಬೇಕಾದುದನ್ನು ಕೇಳಿಕೊ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಬೆಳತೂರಿನ ಗುಡ್ಡದ ಬಳಿ ಭಾರಿ ಹಂದಿಯೊಂದರೊಡನೆ ಕಾದಿ, ಎರಡೂ ಸತ್ತವು. ಕಲ್ಲಿನ ಮೇಲೆ ಕೆತ್ತಿರುವುದು ಆ ನಾಯಿ ಮತ್ತು ಆ ಹಂದಿ. ಕಲ್ಲಿಗೆ ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪವೆಂದು ಕಟ್ಟಳೆಯನ್ನೂ ಮಾಡಿದರು. ಅಣ್ಣನ ಕೊಲೆಗೆ ಒಂದು ಮಾತು, ನಾಯಿಯ ಸಾವಿಗೆ ನಿತ್ಯ ಪೂಜೆ! ಈ ಕಲ್ಲು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ತಕ್ಕುದು.

ಮತ್ತೆ ಹೆದ್ದಾರಿಗೆ ಬರಬೇಕು. ಜವನಗೊಂಡನಹಳ್ಳಿಯಿಂದ ಉತ್ತರಕ್ಕೆ ಹೊರಟರೆ ಮೊದಲು ಸಿಕ್ಕುವುದು ವೇದಾವತಿಯ ದಡದ ಹಿರಿಯೂರು. ಅಲ್ಲಿಂದ ಪಶ್ಚಿಮಕ್ಕೆ, ಬೆಟ್ಟಗಳ ಕಣಿವೆಯಲ್ಲಿ ಅದೇ ನದಿಗೆ ಕಟ್ಟಿದ ಮಾರಿಕಣಿವೆಯ ಅಣೆಕಟ್ಟು, ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಈ ಕಟ್ಟೆ 1933ರಲ್ಲಿ ಒಮ್ಮೆ ತುಂಬಿತು. ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಒಂದು ತಲೆಮಾರಿನವರು ಕಂಡ ಕೋಡಿಯನ್ನು ನೋಡಲು ಮೂರನೆಯ ತಲೆಮಾರಿನವರು ಕಾಯಬೇಕಾಯಿತು. ಸೀಮೆಯ ಬಡತನ ಎಷ್ಟೆಂಬುದಕ್ಕೆ ಬೇರೆ ವಿವರಣೆ ಬೇಡ. ಇಷ್ಟು ಒಣ ನೆಲಕ್ಕಾಗಿ ಅಷ್ಟು ರಕ್ತವೇಕೆ ಹರಿಯಿತೆಂದು ಪ್ರಯಾಣಿಕನು ಆಶ್ಚರ್ಯಪಟ್ಟರೆ, ಉತ್ತರವು ನೆಲದಲ್ಲಿಲ್ಲ, ದಾರಿಯಲ್ಲಿದೆ. ಈಗಿನ ಹೆದ್ದಾರಿಯಂತೆಯೇ ಅಂದಿನ ದಂಡುಗಳ ದಾರಿಯೂ ಈ ಬಯಲಿನಲ್ಲಿಯೇ ಹಾಯ್ದಿದ್ದಿತು. ಸಿರಾದಲ್ಲಿ ಮೊಗಲರ ಸುಬೇದಾರ, ಉತ್ತರದಲ್ಲಿ ಮರಾಠರು, ಪಶ್ಚಿಮದಲ್ಲಿ ಬಿದನೂರು. ನಡುವೆ ಬಂಡೆಗಳ ಮೇಲೆ ಚಿತ್ರದುರ್ಗ.

ಐಮಂಗಲವನ್ನು ದಾಟಿದ ಮೇಲೆ ಆ ಬಂಡೆಗಳು ಕಾಣತೊಡಗುತ್ತವೆ. ಏಳು ಸುತ್ತಿನ ಕೋಟೆಯ ವರ್ಣನೆ ಇಲ್ಲಿ ಅನಾವಶ್ಯಕ. ಹಿಡಿಂಬೇಶ್ವರ, ಏಕನಾಥೇಶ್ವರಿ, ಅಕ್ಕತಂಗಿಯರ ಹೊಂಡ, ಒನಕೆ ಓಬವ್ವನ ಕಿಂಡಿ ಇವನ್ನು ಕಾಣದ ಕನ್ನಡ ಕುಟುಂಬಗಳು ಕಡಿಮೆ. ತ. ರಾ. ಸುಬ್ಬರಾಯರ ಕಾದಂಬರಿಗಳ ಮೂಲಕ ಕೋಟೆಯನ್ನು ಮನೆಯಲ್ಲಿ ಕುಳಿತೇ ಹತ್ತಿದವರೂ ಬಹಳ ಮಂದಿ. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದು 1779ರಲ್ಲಿ ಹೈದರಾಲಿಗೆ ದುರ್ಗವನ್ನು ಕಳೆದುಕೊಂಡು ಶ್ರೀರಂಗಪಟ್ಟಣದ ಸೆರೆಗೆ ಹೋದ ಕೊನೆಯ ಮದಕರಿನಾಯಕನ ಕಥೆ. ಮದಕರಿಯೆಂದೊಡನೆ ಜನರ ಕಣ್ಣಮುಂದೆ ಬಂದು ನಿಲ್ಲುವವನೂ ಅವನೇ.

ಆದರೆ ಅವನಿಗೆ ಮೊದಲು ಇನ್ನೊಬ್ಬ ಮದಕರಿಯಿದ್ದನು. ಬಿಳಿಚೋಡಿನ ಭರಮಣ್ಣನಾಯಕನ ಮಗನಾದ ಈ ಹಿರಿಯ ಮದಕರಿನಾಯಕನು 1721ರಿಂದ 1748ರವರೆಗೆ ದುರ್ಗವನ್ನು ಆಳಿದನು. ತಂದೆಯು ಕೆರೆಗಳನ್ನೂ ಗುಡಿಗಳನ್ನೂ ಕಟ್ಟಿಸಿ ಹೆಸರಾದವನು. ಭರಮಸಾಗರವೆಂಬ ಊರಿನ ಹೆಸರು ಅವನ ನೆನಪು. ಮಗನು ರಾಜ್ಯವನ್ನು ಹಿಗ್ಗಿಸಿದವನು. ಹಿಗ್ಗಿದ ರಾಜ್ಯಕ್ಕೆ ಹಗೆಗಳೂ ಹಿಗ್ಗುವುದು ಸಹಜ. ಇಪ್ಪತ್ತೇಳು ವರ್ಷಗಳ ಅವನ ಆಳ್ವಿಕೆಯಲ್ಲಿ ಬಿದನೂರು, ಹರಪನಹಳ್ಳಿ, ಸವಣೂರುಗಳೊಡನೆ ಜಗಳ ತಪ್ಪಿದ ಕಾಲ ಬಹು ಸ್ವಲ್ಪ.

ಇವರೆಲ್ಲ ಯಾರು? 1565ರಲ್ಲಿ ವಿಜಯನಗರದ ಸೈನ್ಯ ಮುರಿದ ಮೇಲೆ ಆ ದೊಡ್ಡ ಮನೆಯ ತೊಲೆ ಕಂಬಗಳನ್ನು ಹಂಚಿಕೊಂಡವರು. ದುರ್ಗದ ಮತ್ತಿ ತಿಮ್ಮಣ್ಣನಾಯಕ, ಕೆಳದಿಯ ನಾಯಕರು, ಹರಪನಹಳ್ಳಿಯ ದಾದಯ್ಯನಾಯಕನ ವಂಶದವರು ಎಲ್ಲರೂ ಒಂದೇ ಸಾಮ್ರಾಜ್ಯದ ಹೆಸರಿನಲ್ಲಿ ತಮ್ಮ ಅಧಿಕಾರವನ್ನು ಹೇಳಿಕೊಂಡವರು. ದುರ್ಗ, ಹರಪನಹಳ್ಳಿಗಳೆರಡೂ ಬೇಡನಾಯಕರ ಮನೆತನಗಳು. ಬಿದನೂರಿನ ಅರಮನೆಯಲ್ಲಿ ಆಡುತ್ತಿದ್ದ ಮಾತೂ ದುರ್ಗದ ಬತೇರಿಯ ಮೇಲೆ ಕಾವಲುಗಾರ ಆಡುತ್ತಿದ್ದ ಮಾತೂ ಕನ್ನಡವೇ. ಅವರ ಯುದ್ಧಗಳನ್ನು ಅಂತರ್ಯುದ್ಧವೆಂದು ಯಾವ ಚರಿತ್ರಕಾರನೂ ಹೆಸರಿಸಿಲ್ಲದಿರಬಹುದು. ಕಾದು ಸತ್ತವರ ಮನೆಗಳನ್ನು ನೋಡಿದರೆ ಬೇರೆ ಹೆಸರು ಹೊಂದುವುದಿಲ್ಲ.

ಈ ಜಗಳಗಳ ಕೊಟ್ಟಕೊನೆಯ ದೊಡ್ಡ ಲೆಕ್ಕ ತೀರಿದ್ದು 1748ರಲ್ಲಿ ಮಾಯಕೊಂಡದಲ್ಲಿ.

ಚಿತ್ರದುರ್ಗದಿಂದ ಮಾಯಕೊಂಡಕ್ಕೆ ರೈಲಿನಲ್ಲಿಯೂ ಹೋಗಬಹುದು. ಹೊಳಲ್ಕೆರೆ ಸೀಮೆಯ ಚಿಕ್ಕಜಾಜೂರಿನಲ್ಲಿ ಬಂಡಿ ಬದಲಿಸಿ ದಾವಣಗೆರೆಯ ಕಡೆಗೆ ಹೋಗುವ ಮಾರ್ಗವನ್ನು ಹಿಡಿದರೆ ಮಾಯಕೊಂಡದ ನಿಲ್ದಾಣ. ಹೆಸರಿಗೆ ಕೊಂಡವಾದರೂ ದುರ್ಗದಂತಹ ಬೆಟ್ಟದ ಊರಲ್ಲ. ಪಶ್ಚಿಮಕ್ಕೆ ಬಿದನೂರಿನ ಕೈಯಲ್ಲಿದ್ದ ಚನ್ನಗಿರಿ, ಸಂತೆಬೆನ್ನೂರುಗಳ ಸೀಮೆ. ಪೂರ್ವಕ್ಕೆ ದುರ್ಗದ ಹೊಳಲ್ಕೆರೆ ಸೀಮೆ. ಉತ್ತರಕ್ಕೆ ಹೋದರೆ ಹರಪನಹಳ್ಳಿಯವರ ಉಚ್ಚಂಗಿದುರ್ಗ. ಮೂರು ಮನೆಗಳ ಹಿತ್ತಿಲು ಕೂಡುವ ಜಾಗ. ಮೂರು ಮನೆಯವರಿಗೂ ಬೇಕಾದ ಕೋಟೆ ಅಲ್ಲಿದ್ದಿತು.

ಒಂದು ಕಡೆ ಹಿರಿಯ ಮದಕರಿನಾಯಕ. ಎದುರಿಗೆ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರು ಎಂಬ ನಾಲ್ಕು ಶಕ್ತಿಗಳ ಕೂಟ. ಬಿದನೂರಿನಲ್ಲಿ ಆಗ ಬೂದಿ ಬಸಪ್ಪನಾಯಕನ ಆಳ್ವಿಕೆ. ನಾಲ್ವರನ್ನು ಒಬ್ಬನು ಎದುರಿಸಬೇಕಾದಾಗ ಸಿಕ್ಕಿದ ಹುಲ್ಲುಕಡ್ಡಿಯೂ ಆಸರೆಯೇ. ದುರ್ಗದವರಿಗೆ ಸಿಕ್ಕಿದ ಆಸರೆ ವಿಚಿತ್ರವಾದದ್ದು: ಆರ್ಕಾಟಿನ ನವಾಬನ ಮನೆಯ ಅಳಿಯ, ಚಂದಾಸಾಹೇಬ.

ಈ ಚಂದಾಸಾಹೇಬನು ತಿರುಚಿನಾಪಳ್ಳಿಯನ್ನು ಆಳುತ್ತಿದ್ದವನು. 1741ರಲ್ಲಿ ಮರಾಠರು ತಿರುಚಿನಾಪಳ್ಳಿಯನ್ನು ಹಿಡಿದು ಅವನನ್ನು ಸತಾರೆಗೆ ಸೆರೆಯೊಯ್ದರು. ಸುಮಾರು ಏಳು ವರ್ಷಗಳ ಮೇಲೆ ಬಿಡುಗಡೆಯಾಗಿ, ಕಳೆದುಕೊಂಡುದನ್ನು ಮರಳಿ ಪಡೆಯುವ ಆಸೆಯಿಂದ ದಕ್ಷಿಣಕ್ಕೆ ಬರುತ್ತಿದ್ದಾಗ ದಾರಿಯಲ್ಲಿ ಈ ಜಗಳ ಎದುರಾಯಿತು. ಅವನು ದುರ್ಗದ ಪಕ್ಷವನ್ನು ಹಿಡಿದನು. ಬೆಟ್ಟದ ನಾಯಕರ ಮನೆಜಗಳದಲ್ಲಿ ಅವನಿಗೆ ಆಸಕ್ತಿಯಿದ್ದಿರಲಾರದು. ದಂಡು ಕಟ್ಟುವ ಹಣ, ನಿಲ್ಲಲು ನೆಲೆ ಬೇಕಾಗಿದ್ದಿರಬೇಕು. ಅವನ ಹಿರಿಯ ಮಗನೂ ಜೊತೆಯಲ್ಲಿದ್ದನು.

ಅಂದಿನ ಯುದ್ಧದ ಒಂದು ಕ್ರಮವನ್ನು ತಿಳಿದಲ್ಲದೆ ಮಾಯಕೊಂಡದ ಕಥೆ ಅರ್ಥವಾಗುವುದಿಲ್ಲ. ದೊರೆಯು ಆನೆಯ ಮೇಲೆ ಕುಳಿತು ಕಾದಬೇಕು. ಆನೆಯ ಮೇಲೆ ಕುಳಿತವನು ತನ್ನ ಸೈನ್ಯಕ್ಕೆಲ್ಲ ಕಾಣುತ್ತಾನೆ. ಅವನು ಕಾಣುವವರೆಗೆ ಸೈನ್ಯ ನಿಲ್ಲುತ್ತದೆ. ಶತ್ರುವಿಗೂ ಅಷ್ಟೇ ಚೆನ್ನಾಗಿ ಕಾಣುತ್ತಾನೆಂಬುದೇ ತೊಂದರೆ. ಅಂಬಾರಿ ಬರಿದಾದ ಕ್ಷಣವೇ ಯುದ್ಧ ಮುಗಿದ ಕ್ಷಣ. 949ರಲ್ಲಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನು ಬಿದ್ದದ್ದು ಆನೆಯ ಮೇಲೆ. ಎಂಟುನೂರು ವರ್ಷ ಕಳೆದು, ಕೋವಿ ಫಿರಂಗಿಗಳು ಬಂದ ಮೇಲೆಯೂ ಈ ಪದ್ಧತಿ ತಪ್ಪಲಿಲ್ಲ. ಮದಕರಿಯೆಂಬ ಹೆಸರಿನ ಅರ್ಥವೇ ಮದಿಸಿದ ಆನೆ. ಆ ಹೆಸರಿನವನು ಆನೆಯನ್ನು ಬಿಟ್ಟು ಕುದುರೆಯೇರಿಯಾನೆ?

ಮಾಯಕೊಂಡದ ಬಯಲಿನಲ್ಲಿ ಹಿರಿಯ ಮದಕರಿನಾಯಕನು ಆನೆಯ ಮೇಲೆ ಹತನಾದನು. ಅವನನ್ನು ಕೊಂದವನು ಹರಪನಹಳ್ಳಿಯ ಸೋಮಶೇಖರನಾಯಕನೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ನಾಲ್ಕು ಶಕ್ತಿಗಳು ಕೂಡಿ ಬಂದಿದ್ದರೂ, ಕೊನೆಯ ಪೆಟ್ಟು ಬಿದ್ದುದು ಪಕ್ಕದ ಬೇಡನಾಯಕನ ಕೈಯಿಂದ. ಚಂದಾಸಾಹೇಬನ ಮಗನು ತಂದೆಯ ಪಕ್ಕದಲ್ಲಿಯೇ ಸತ್ತನು, ತಂದೆ ಸೆರೆಸಿಕ್ಕಿದನು. ದುರ್ಗದ ದಂಡು ಚದರಿತು.

ಸೆರೆಸಿಕ್ಕಿದ ಚಂದಾಸಾಹೇಬನು ಕಾವಲಿಗಿದ್ದವರ ಮನವೊಲಿಸಿ ತಪ್ಪಿಸಿಕೊಂಡನು. ಮರುವರ್ಷ, 1749ರ ಆಗಸ್ಟಿನಲ್ಲಿ, ಫ್ರೆಂಚರ ನೆರವಿನಿಂದ ಆಂಬೂರಿನಲ್ಲಿ ಆರ್ಕಾಟಿನ ನವಾಬ ಅನ್ವರುದ್ದೀನನನ್ನು ಎದುರಿಸಿ ಗೆದ್ದನು. ಅನ್ವರುದ್ದೀನನೂ ಆನೆಯ ಮೇಲೆ ಕುಳಿತೇ ಸತ್ತನು! ಅಲ್ಲಿಂದ ಮುಂದಿನದು ಶಾಲೆಯ ಪುಸ್ತಕದಲ್ಲಿರುವ ಕಥೆ: ಎರಡನೆಯ ಕರ್ನಾಟಿಕ್ ಯುದ್ಧ, 1751ರಲ್ಲಿ ಕ್ಲೈವನು ಆರ್ಕಾಟನ್ನು ಹಿಡಿದದ್ದು, 1752ರಲ್ಲಿ ತಿರುಚಿನಾಪಳ್ಳಿಯ ಬಳಿ ಚಂದಾಸಾಹೇಬನ ತಲೆ ಉರುಳಿದ್ದು. ಇಂಗ್ಲೀಷರ ಪ್ರಾಬಲ್ಯಕ್ಕೆ ದಾರಿ ಮಾಡಿದ ಆ ದೊಡ್ಡ ನಾಟಕದ ಮುಖ್ಯ ಪಾತ್ರಧಾರಿಯೊಬ್ಬನು ರಂಗಕ್ಕೆ ಬರುವ ಮುನ್ನ ಮಗನನ್ನು ಕಳೆದುಕೊಂಡದ್ದು ಈಗ ಪ್ಯಾಸೆಂಜರ್ ರೈಲು ನಿಂತು ಹೋಗುವ ಈ ಊರಿನಲ್ಲಿ. ಶಾಲೆಯ ಪುಸ್ತಕಗಳು ಇದನ್ನು ಹೇಳುವುದು ಅಪೂರ್ವ.

ದುರ್ಗದಲ್ಲಿ ಕಸ್ತೂರಿ ರಂಗಪ್ಪನಾಯಕನು ಪಟ್ಟಕ್ಕೆ ಬಂದನು. ಸಿರಾದ ಸುಬೇದಾರನೊಡನೆ ಸ್ನೇಹದಿಂದಿದ್ದು ಮಾಯಕೊಂಡವನ್ನು ಮರಳಿ ದುರ್ಗಕ್ಕೆ ಸೇರಿಸಿಕೊಂಡನೆಂದು ಹೇಳುತ್ತಾರೆ. 1754ರಲ್ಲಿ ಅವನು ಮಕ್ಕಳಿಲ್ಲದೆ ತೀರಿಕೊಂಡನು. ಆಮೇಲೆ ಬಂದವನೇ ಎಲ್ಲರಿಗೂ ಗೊತ್ತಿರುವ ಕೊನೆಯ ಮದಕರಿ.

ಹಾಗಾದರೆ ಮಾಯಕೊಂಡದಲ್ಲಿ ಗೆದ್ದವರಿಗೆ ಸಿಕ್ಕಿದುದೇನು? ಲೆಕ್ಕವನ್ನು ಹಾಕುವುದು ಕಷ್ಟವಲ್ಲ. 1761ರಲ್ಲಿ ಹೈದರಾಲಿಯು ಸಿರಾವನ್ನು ಹಿಡಿದನು. 1763ರಲ್ಲಿ ಬಿದನೂರಿನ ಮೇಲೆ ನಡೆದನು. ರಾಣಿ ವೀರಮ್ಮಾಜಿ ಸೆರೆಯಾದಳು. ಬಿದನೂರಿನ ಗಾದಿಗೆ ನ್ಯಾಯವಾದ ಹಕ್ಕುದಾರನು ತಾನೆಂದು ಹೇಳಿಕೊಂಡ ಒಬ್ಬನನ್ನು ಆಗ ಹೈದರನ ಮುಂದೆ ತಂದು ನಿಲ್ಲಿಸಿದವನು ಯಾರು? ಚಿತ್ರದುರ್ಗದ ನಾಯಕ. ದಂಡೆತ್ತಿಹೋಗಲು ಹೈದರನಿಗೆ ಅದಕ್ಕಿಂತ ಒಳ್ಳೆಯ ನೆಪ ಬೇಕಾಗಿರಲಿಲ್ಲ. ಮಾಯಕೊಂಡದ ಗಾಯ ಹದಿನೈದು ವರ್ಷಗಳ ಮೇಲೆಯೂ ಮಾಗಿರಲಿಲ್ಲವೆಂದು ಊಹಿಸಲು ಅಡ್ಡಿಯಿಲ್ಲ. ಹಗೆಯ ಮನೆಗೆ ಬೆಂಕಿಯ ದಾರಿಯನ್ನು ತೋರಿಸಿದವನ ಮನೆಗೆ ಅದೇ ಬೆಂಕಿ 1779ರಲ್ಲಿ ಬಂದಿತು. ಹೈದರನ ತರುವಾಯ ಟಿಪ್ಪುಸುಲ್ತಾನನು 1786ರ ಸುಮಾರಿಗೆ ರಾಯದುರ್ಗ, ಹರಪನಹಳ್ಳಿಗಳನ್ನೂ ಕೈವಶ ಮಾಡಿಕೊಂಡನು. ಸವಣೂರಿನ ನವಾಬರು ಮಾತ್ರ ಕುಗ್ಗಿ ಕುಗ್ಗಿ, ಒಂದು ಸಣ್ಣ ಸಂಸ್ಥಾನವಾಗಿ 1948ರವರೆಗೆ ಉಳಿದರು. ಮಾಯಕೊಂಡದಲ್ಲಿ ಎದುರುಬದುರು ನಿಂತ ಐದು ಮನೆಗಳಲ್ಲಿ ನಾಲ್ಕರ ದೀಪ ನಲವತ್ತು ವರ್ಷ ತುಂಬುವುದರೊಳಗೆ ನಂದಿದ್ದಿತು.

ದುರ್ಗದ ಈ ಹಿಂದಿನ ಕಥೆಗಳನ್ನು ಉಳಿಸಿಕೊಟ್ಟವರು ಬಖೈರು ಬರೆದ ಹೆಸರಿಲ್ಲದ ಬರಹಗಾರರು. ಅವನ್ನು ಹುಡುಕಿ ತೆಗೆದವರು ಹುಲ್ಲೂರು ಶ್ರೀನಿವಾಸ ಜೋಯಿಸರಂತಹವರು. ಅಚ್ಚಿನಲ್ಲಿ ಮೊದಲು ಜನರ ಕೈಗೆ ಕೊಟ್ಟವರಲ್ಲಿ ‘ಚಿತ್ರದುರ್ಗದ ಪಾಳಯಗಾರರು’ ಬರೆದ ಎಂ. ಎಸ್. ಪುಟ್ಟಣ್ಣನವರು ಮುಖ್ಯರು. ಕಾಗದದ ಮೇಲೆ ಹೀಗೆ ಉಳಿಯಿತು. ನೆಲದ ಮೇಲೆ?

ಕಾಗದಕ್ಕಿಂತ ನೆಲದ ಜ್ಞಾಪಕಗಳು ಆರಿಸಿ ಉಳಿಸುವಂಥವು. ಮಾಯಕೊಂಡದ ವಿಜಯಕ್ಕೆಂದು ಗೆದ್ದವರು ನಿಲ್ಲಿಸಿದ ಜಯಸ್ತಂಭವೆಂದು ಊರವರು ಯಾವುದನ್ನೂ ತೋರಿಸುವುದಿಲ್ಲ. ಇಲ್ಲಿ ಜನ ತೋರಿಸುವುದು ಒಂದನ್ನೇ: ಹಿರಿಯ ಮದಕರಿನಾಯಕನದೆನ್ನುವ ಸಮಾಧಿ. ಕೋಟೆಯನ್ನು ನೋಡಿ ಬಂದ ಕಣ್ಣಿಗೆ ಅದರಲ್ಲಿ ನೋಡತಕ್ಕುದೇನೂ ಹೆಚ್ಚಿಲ್ಲ. ಕೋಟೆಗೆ ಬಂದವರಲ್ಲಿ ನೂರಕ್ಕೆ ಒಬ್ಬರಾದರೂ ಇಲ್ಲಿಗೆ ಬರುವರೆಂಬುದು ಸಂದೇಹ. ಬಂದವರಲ್ಲಿಯೂ ಕೆಲವರು ಇದು ಹೈದರನೊಡನೆ ಕಾದಿದ ಮದಕರಿಯ ಸಮಾಧಿಯೆಂದೇ ತಿಳಿದು ಹೋಗುತ್ತಾರೆ. ಒಂದೇ ಹೆಸರಿನ ಇಬ್ಬರಲ್ಲಿ ಕಿರಿಯವನ ಕೀರ್ತಿ ಹಿರಿಯವನನ್ನು ನುಂಗಿದೆ. ಪರರ ಕೈಯಲ್ಲಿ ಸೋತವನ ಕಥೆಯನ್ನು ಹೇಳಿಕೊಳ್ಳುವುದು ಸುಲಭ. ಅದರಲ್ಲಿ ಶತ್ರು ಯಾರೆಂಬುದು ಸ್ಪಷ್ಟ. ನೆರೆಯವರ ಕೈಯಲ್ಲಿ ಸತ್ತವನ ಕಥೆಯನ್ನು ಹೇಳುವುದು ಹೇಗೆ? ಹೇಳುವವನು ದಾವಣಗೆರೆಯ ಸಂತೆಯಲ್ಲಿ ನಿಂತಿದ್ದರೆ, ಕೇಳುವವರಲ್ಲಿ ದುರ್ಗದವರೂ ಇರುತ್ತಾರೆ, ಹರಪನಹಳ್ಳಿಯವರೂ ಇರುತ್ತಾರೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಮಾಯಕೊಂಡವು ಮೊದಲು ಚಿತ್ರದುರ್ಗದ ಜಿಲ್ಲೆಯಲ್ಲಿದ್ದಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಮಾಯಕೊಂಡವೂ ಹರಪನಹಳ್ಳಿಯೂ ಅದೇ ಜಿಲ್ಲೆಗೆ ಸೇರಿದವು. ಬಿದನೂರಿನವರ ಕೈಯಲ್ಲಿದ್ದ ಚನ್ನಗಿರಿಯೂ ಬಂದು ಸೇರಿತು. ಕೊಂದವನ ಊರೂ ಸತ್ತವನ ಸಮಾಧಿಯೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಜಿಲ್ಲಾಧಿಕಾರಿಯ ಕೈಕೆಳಗೆ ಶಾಂತವಾಗಿದ್ದವು. 2018ರಲ್ಲಿ ಹರಪನಹಳ್ಳಿಯು ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಗೆ. ಈ ಸಲದ ಗಡಿಜಗಳಕ್ಕೆ ಆನೆಗಳು ಬೇಕಾಗಲಿಲ್ಲ. ಮನವಿಪತ್ರ, ಮೆರವಣಿಗೆಗಳಲ್ಲಿ ಮುಗಿಯಿತು.

ಹಿರಿಯ ಮದಕರಿಗಾದರೂ ಒಂದು ಸಮಾಧಿಯ ಹೆಸರಿದೆ. ಅಂದು ಬಿದ್ದ ಉಳಿದವರದು? ಚಂದಾಸಾಹೇಬನ ಮಗನನ್ನು ಇಲ್ಲಿ ನೆನೆಯುವವರು ಯಾರು? ದುರ್ಗದ ಬೇಡರು, ಬಿದನೂರಿನ ಮಲೆನಾಡಿನಿಂದ ಬಂದ ಕಾಲಾಳುಗಳು, ರಾಯದುರ್ಗದ ಬಂಡೆಗಳ ನಾಡಿನಿಂದ ಬಂದವರು, ಸವಣೂರಿನ ಪಠಾಣರು ಎಲ್ಲರೂ ಒಂದೇ ಬಯಲಿನಲ್ಲಿ ಬಿದ್ದರು. ಹೆಣ ಸಿಕ್ಕದ ಮನೆಗಳಲ್ಲಿ, ದೂರದ ತಮ್ಮ ತಮ್ಮ ಹಳ್ಳಿಗಳಲ್ಲಿ, ಕೈಲಾದವರು ಒಂದು ಕಲ್ಲನ್ನು ನೆಟ್ಟಿರಬಹುದು. ಕೈಲಾಗದವರು ಮನೆಯ ಮೂಲೆಯಲ್ಲಿ ಎಡೆಯಿಟ್ಟು ಅತ್ತಿರಬಹುದು. ದುರ್ಗದ ಸೀಮೆಯ ಹೆಸರು ಕೆತ್ತದ ವೀರಗಲ್ಲುಗಳಲ್ಲಿ ಯಾವುದು ಯಾವ ಕಾಳಗದ್ದೆಂದು ಹೇಳುವುದು ಸುಲಭವಲ್ಲ. ಕೆಲವನ್ನು ಗುಡಿಯ ಮೆಟ್ಟಿಲಿಗೆ ಹಾಕಿದ್ದಾರೆ. ಕೆಲವು ಹಳ್ಳದ ಬಳಿ ಬಟ್ಟೆಯೊಗೆಯುವ ಕಲ್ಲುಗಳಾಗಿ ವೀರನ ಮುಖ ಸವೆದು ನುಣುಪಾಗಿವೆ. ಹೆದ್ದಾರಿಯನ್ನು ಅಗಲ ಮಾಡಿದಾಗ ಬದಿಯ ಮಣ್ಣಿನೊಡನೆ ಇಂತಹವು ಎಷ್ಟು ಹೋದವೋ!

ಆದರೂ ಊರಿನವರು ಅದೃಷ್ಟದಿಂದ ಉಳಿಸಿಕೊಂಡ ಕಲ್ಲುಗಳ ಮುಂದೆ ಹಬ್ಬದ ದಿನ ಒಂದು ತೆಂಗಿನಕಾಯಿ ಒಡೆಯುವುದು ತಪ್ಪಿಲ್ಲ. ಯಾರಿಗೆಂದು ಕೇಳಿದರೆ, ‘ನಮ್ಮ ಹಿರಿಯರ ಕಾಲದಿಂದ ನಡೆದುಬಂದದ್ದು ಸ್ವಾಮಿ’ ಎಂಬ ಉತ್ತರ ಬರುತ್ತದೆ. ಯಾವ ದೊರೆಯ ಪರವಾಗಿ ಸತ್ತನು, ಆ ದೊರೆ ಗೆದ್ದನೇ ಸೋತನೇ ಎಂಬ ಪ್ರಶ್ನೆ ಅವರ ಪೂಜೆಗೆ ಸಂಬಂಧಪಟ್ಟದ್ದಲ್ಲ.

ಮಾಯಕೊಂಡದಿಂದ ಮುಂದೆ ಹೋಗುವವರು ಮತ್ತೆ ಅದೇ ರೈಲನ್ನು ಹಿಡಿಯಬಹುದು. ಕೊಡಗನೂರು, ತೋಳಹುಣಸೆಗಳನ್ನು ದಾಟಿ ಬಂಡಿಯು ದಾವಣಗೆರೆಗೆ ಬರುತ್ತದೆ. ಅಲ್ಲಿ ಇಳಿದು, ಬಿಸಿ ಬೆಣ್ಣೆದೋಸೆಯನ್ನು ತಿಂದು ಬಸ್ಸು ನಿಲ್ದಾಣಕ್ಕೆ ನಡೆದರೆ, ಹರಪನಹಳ್ಳಿಗೆ ಹೋಗುವ ಬಸ್ಸಿಗಾಗಿ ಬಹಳ ಹೊತ್ತು ಕಾಯಬೇಕಾಗಿಲ್ಲ.